ಕಾಫಿ ಸೆಸ್ಸು: ಬೆಳೆಗಾರನ ಕಾಸಿನಲ್ಲಿ ಊರಿಗೆಲ್ಲ ಕಾಫಿ

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕಾಫಿ ಹೌಸಿಗೆ ಹೋದವರಿಗೆ ಅಲ್ಲಿನ ಮಾಣಿಗಳು ಮರೆಯುವುದಿಲ್ಲ. ಬಿಳಿ ಸಮವಸ್ತ್ರ, ಸೊಂಟಕ್ಕೆ ಪಟ್ಟಿ, ತಲೆಗೆ ರುಮಾಲು. 2009ರವರೆಗೆ ಇದೇ ಕಾಫಿ ಹೌಸು ಎಂ.ಜಿ. ರಸ್ತೆಯಲ್ಲಿತ್ತು. ‘ಇದು ಯಾರ ಹೋಟೆಲು?’ ಎಂದು ಪಕ್ಕದ ಮೇಜಿನವರನ್ನು ಕೇಳಿ ನೋಡಿ. ಕೆಲವರು ಸರ್ಕಾರದ್ದು ಎನ್ನುತ್ತಾರೆ, ಕೆಲವರು ಕಮ್ಯುನಿಸ್ಟರದ್ದು ಎನ್ನುತ್ತಾರೆ. ಇನ್ನು ಕೆಲವರು ಕೆಲಸಗಾರರದ್ದೇ ಸೊಸೈಟಿ ಎಂದು ಸರಿಯಾಗಿಯೇ ಹೇಳುತ್ತಾರೆ. ಈ ಹೆಸರಿಗೆ, ಈ ವೇಷಕ್ಕೆ, ಈ ಪದ್ಧತಿಗೆ ಮೊದಲ ಬಂಡವಾಳ ಹಾಕಿದವನು ಕಾಫಿ ಬೆಳೆಗಾರ ಎಂದು ಹೇಳುವವರನ್ನು ಮಾತ್ರ ನಾನು ಕಂಡಿಲ್ಲ. ತೋಟದ ಊರುಗಳಲ್ಲೂ ಕಂಡಿಲ್ಲ.

ಬೆಳೆಗಾರರಿಂದ ಕಾಸು ಎತ್ತಿ ಆ ಬೆಳೆಯ ಪ್ರಚಾರಕ್ಕೇ ಸುರಿಯುವುದು ಪ್ರಪಂಚದಲ್ಲಿ ಹೊಸದೇನಲ್ಲ. ಕಾಫಿಗೆ ಅದನ್ನು ಮಾಡಿದ ರೀತಿ, ಅದರಿಂದ ಬೆಳೆದದ್ದು ಏನು, ಬೆಳೆದದ್ದು ಕೊನೆಗೆ ಯಾರ ಕೈಗೆ ಹೋಯಿತು ಎಂಬುದಷ್ಟೇ ಈ ಬರಹದ ವಿಷಯ.

1935: ಕೆಟ್ಟ ಕಾಲದ ಒಂದು ಕಾನೂನು

1930ರ ದಶಕದ ಆರ್ಥಿಕ ಕುಸಿತ ಕಾಫಿಗೆ ಬಹಳ ಕೆಟ್ಟದಾಗಿ ತಟ್ಟಿತು. ಬ್ರೆಜಿಲ್ ತನ್ನ ಮಿಗುತೆ ಕಾಫಿಯನ್ನು ರಾಶಿ ಹಾಕಿ ಸುಟ್ಟ ಕಾಲ ಅದು. ಚಿಕ್ಕಮಗಳೂರು, ಕೊಡಗು, ಮಂಜರಾಬಾದು, ನೀಲಗಿರಿ, ವಯನಾಡಿನ ತೋಟಗಳ ಕಾಫಿಗೆ ಆಗ ದೊಡ್ಡ ಗಿರಾಕಿ ಎಂದರೆ ಹೊರದೇಶ. ಒಳನಾಡಿನಲ್ಲಿ ಕಾಫಿ ಕುಡಿಯುತ್ತಿದ್ದದ್ದು ಮುಖ್ಯವಾಗಿ ದಕ್ಷಿಣದವರು. ವಿಂಧ್ಯ ದಾಟಿದರೆ ಚಹಾದ ರಾಜ್ಯ.

ಆ ರಾಜ್ಯ ತಾನಾಗಿ ಹುಟ್ಟಿದ್ದಲ್ಲ. 1903ರಲ್ಲಿ, ಕರ್ಜನ್ ವೈಸರಾಯ್ ಆಗಿದ್ದಾಗ, ಚಹಾ ಸೆಸ್ ಕಾನೂನು ಬಂದಿತ್ತು. ತೋಟದವರ ಸಂಘಗಳೇ ಕೇಳಿ ಹಾಕಿಸಿಕೊಂಡ ಸುಂಕ ಅದು. ಆ ಹಣದಲ್ಲಿ ರೈಲು ನಿಲ್ದಾಣಗಳಲ್ಲಿ ಎನಾಮೆಲ್ ಹಲಗೆಗಳು ತೂಗಿದವು, ಚಹಾ ಕಾಸುವುದನ್ನು ಊರೂರಿಗೆ ಕಲಿಸಿಕೊಟ್ಟರು. ಮೂರು ದಶಕ ಇದನ್ನು ನೋಡಿದ್ದ ಕಾಫಿಯವರಿಗೆ ದಾರಿ ಹೊಸದಾಗಿ ಹುಡುಕಬೇಕಾಗಿರಲಿಲ್ಲ. 1935ರಲ್ಲಿ ಇಂಡಿಯನ್ ಕಾಫಿ ಸೆಸ್ ಕಾನೂನು ಬಂತು. ರಫ್ತಾಗುವ ಕಾಫಿಯ ಮೇಲೆ ಸೆಸ್ಸು, ಆ ಹಣ ನೋಡಿಕೊಳ್ಳಲು ಒಂದು ಕಾಫಿ ಸೆಸ್ ಸಮಿತಿ, ಸಮಿತಿಗೆ ಕಾಫಿಯ ಮಾರಾಟ ಮತ್ತು ಬಳಕೆ ಹೆಚ್ಚಿಸುವ ಕೆಲಸ.

ಸೆಸ್ಸನ್ನು ಬಂದರಿನಲ್ಲಿ ಕಟ್ಟುತ್ತಿದ್ದವನು ರಫ್ತುದಾರ. ಹಾಗಾದರೆ ಇದನ್ನು ಬೆಳೆಗಾರನ ಕಾಸು ಎಂದು ಹೇಗೆ ಹೇಳುವುದು? ಭಾರತದ ಕಾಫಿ ಲೋಕದ ಮಾರುಕಟ್ಟೆಯಲ್ಲಿ ಒಂದು ಹಿಡಿ. ಇಲ್ಲಿ ಸೆಸ್ಸು ಹಾಕಿದರೆಂದು ಲಂಡನ್ನಿನ ವ್ಯಾಪಾರಿ ಬೆಲೆ ಏರಿಸಿ ಕೊಡುವುದಿಲ್ಲ. ಅವನಿಗೆ ಬ್ರೆಜಿಲ್ ಇದೆ, ಕೊಲಂಬಿಯಾ ಇದೆ. ಆದ್ದರಿಂದ ಮಂಗಳೂರಿನ ರಫ್ತುದಾರ ಬಂದರಿನಲ್ಲಿ ಕಟ್ಟಿದ್ದನ್ನು ಖರೀದಿ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ. ನೂರು ಸಿಗುವ ಮಾಲಿಗೆ ಒಂದು ಸೆಸ್ಸಾದರೆ ತೋಟಕ್ಕೆ ತಲುಪುವುದು ತೊಂಬತ್ತೊಂಬತ್ತರ ಲೆಕ್ಕ. ರಸೀದಿ ರಫ್ತುದಾರನ ಹೆಸರಿನಲ್ಲಿ, ಹೊರೆ ಮಾತ್ರ ಘಟ್ಟದ ಮೇಲೆ. ಬೆಳೆಗಾರನಿಗೆ ತಾನು ಕೊಡುತ್ತಿದ್ದೇನೆ ಎಂಬುದೇ ಕಾಣದ ವಸೂಲಿ ಇದು. ಮುಂದಿನ ಎಷ್ಟೋ ತೊಡಕಿಗೆ ಈ ಕಾಣದಿರುವಿಕೆಯೇ ಬೇರು ಎಂದು ನನ್ನ ಅನಿಸಿಕೆ. ಕೊಟ್ಟದ್ದು ಕಂಡರೆ ತಾನೇ ಲೆಕ್ಕ ಕೇಳುವುದು!

ಚರ್ಚ್‌ಗೇಟಿನಲ್ಲಿ ಮೊದಲ ಬಟ್ಟಲು

1936ರ ಸೆಪ್ಟೆಂಬರ್ 28ರಂದು ಬೊಂಬಾಯಿಯ ಚರ್ಚ್‌ಗೇಟಿನಲ್ಲಿ ಸೆಸ್ ಸಮಿತಿ ಮೊದಲ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. ಗಮನಿಸಬೇಕಾದದ್ದು ಜಾಗ. ಮೈಸೂರಿನಲ್ಲೋ ಕುಂಭಕೋಣದಲ್ಲೋ ತೆರೆದಿದ್ದರೆ ಕುಡಿಯುವವರಿಗೇ ಕುಡಿಸಿದಂತಾಗುತ್ತಿತ್ತು. ಚಹಾದವರ ಊರಿಗೇ ಹೋಗಿ ಅಂಗಡಿ ಇಟ್ಟರು. 1940ರ ದಶಕದಲ್ಲಿ ಇಂಥ ಕಾಫಿ ಹೌಸುಗಳು ಬ್ರಿಟಿಷ್ ಭಾರತದ ಉದ್ದಗಲಕ್ಕೆ ಐವತ್ತರ ಹತ್ತಿರ ಇದ್ದವು. ಕಲ್ಕತ್ತೆಯ ಕಾಲೇಜ್ ಸ್ಟ್ರೀಟಿನ ಆಲ್ಬರ್ಟ್ ಹಾಲಿನಲ್ಲಿ 1942ರಲ್ಲಿ ತೆರೆದದ್ದು ಬಂಗಾಳಿ ಓದುಬರಹದವರ ಎರಡನೆಯ ಮನೆಯೇ ಆಯಿತು.

ಇದನ್ನು ನಾನು ಬಹಳ ಜಾಣ ಪ್ರಚಾರ ಎನ್ನುತ್ತೇನೆ. ಜಾಹೀರಾತು ಹಲಗೆ ‘ಕುಡಿಯಿರಿ’ ಎಂದು ಹೇಳಿ ಸುಮ್ಮನಾಗುತ್ತದೆ. ಕಾಫಿ ಹೌಸು ಬಟ್ಟಲನ್ನೇ ಕೈಗಿಡುತ್ತದೆ, ಕೂರಲು ಕುರ್ಚಿ ಕೊಡುತ್ತದೆ, ಒಂದು ಕಾಫಿಗೆ ಎರಡು ಗಂಟೆ ಕೂತರೂ ಎಬ್ಬಿಸುವುದಿಲ್ಲ. ಬಾಬಾಬುಡನಗಿರಿಯ ಕಾಫಿಗೂ ಕಾಲೇಜ್ ಸ್ಟ್ರೀಟಿನ ಹರಟೆಗೂ ಗಂಟು ಬಿದ್ದದ್ದು ಹೀಗೆ.

ಪ್ರಚಾರದ ಜೊತೆಗೆ ಸಂಶೋಧನೆಯೂ ಇಂಥ ಸಾರ್ವತ್ರಿಕ ಹಣಕ್ಕೆ ಒಗ್ಗುವ ಕೆಲಸ. ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರ 1925ರಲ್ಲೇ ಶುರು ಮಾಡಿದ್ದ ಪ್ರಯೋಗ ಕೇಂದ್ರ ಮುಂದೆ ಕಾಫಿ ಮಂಡಳಿಯ ಕೈಗೆ ಬಂತು. ತುಕ್ಕು ರೋಗವನ್ನು ಆ ಕಾಲಕ್ಕೆ ಚೆನ್ನಾಗಿಯೇ ತಡೆದ ಎಸ್.795 ಅರೇಬಿಕಾ ತಳಿ ಅಲ್ಲಿಯದು. ಹಳೆಯ ಅರೇಬಿಕಾ ತೋಟಕ್ಕೆ ಹೋದರೆ ಇಂದಿಗೂ ಅದೇ ಗಿಡ. ಇಂಥ ಕೆಲಸವನ್ನು ಎರಡು ಎಕರೆಯವನೊಬ್ಬ ತನ್ನ ದುಡ್ಡಿನಲ್ಲಿ ಮಾಡಲಾರ. ಮಾಡಿದರೂ ಪಕ್ಕದ ತೋಟದವನು ಬೀಜ ಕೇಳಿ ತೆಗೆದುಕೊಂಡು ಹೋಗುತ್ತಾನೆ. ಎಲ್ಲರಿಂದ ಚೂರುಚೂರು ಎತ್ತುವುದಕ್ಕೆ ನ್ಯಾಯ ಇರುವುದು ಇಲ್ಲಿ.

ಪ್ರಚಾರದ ವಿಷಯದಲ್ಲಿ ಈ ನ್ಯಾಯ ಸ್ವಲ್ಪ ಡೊಂಕು. ‘ಕಾಫಿ ಕುಡಿಯಿರಿ’ ಎಂಬ ಮಾತಿನ ಲಾಭ ಕಾಫಿಯವರಿಗೆ ಮಾತ್ರ ಹೋಗುವುದಿಲ್ಲ. ನಮ್ಮ ಫಿಲ್ಟರಿಗೆ ಬೀಳುವ ಮಿಶ್ರಣದ ಪುಡಿಯಲ್ಲಿ ಶೇಕಡಾ 49ರವರೆಗೆ ಚಿಕೋರಿ ಇರಲು ಕಾನೂನಿನ ಒಪ್ಪಿಗೆ ಇದೆ. ಕಾಫಿ ಬೆಳೆಗಾರನ ಕಾಸಿನಲ್ಲಿ ಹತ್ತಿದ ರುಚಿಯ ಅರ್ಧಕ್ಕೆ ಹತ್ತಿರದ ಪಾಲು ಗುಜರಾತ್, ಉತ್ತರ ಪ್ರದೇಶದ ಚಿಕೋರಿ ಗಡ್ಡೆಗೆ! ಆ ಗಡ್ಡೆ ಬೆಳೆದವನು ಕಾಫಿ ಸೆಸ್ಸು ಕಟ್ಟಿದವನಲ್ಲ.

ಯುದ್ಧ ಬಂತು, ಪೂಲ್ ಬಂತು

ಇಲ್ಲಿಯವರೆಗೆ ಕಥೆ ಸಣ್ಣ ಸೆಸ್ಸು, ಸಣ್ಣ ಸಮಿತಿ, ಒಳ್ಳೆಯ ಕೆಲಸ. ಎರಡನೆಯ ಮಹಾಯುದ್ಧ ಯುರೋಪಿನ ಮಾರುಕಟ್ಟೆಯ ಬಾಗಿಲು ಮುಚ್ಚಿತು. ಕೊಯ್ದ ಕಾಫಿ ಗೋದಾಮಿನಲ್ಲೇ ಉಳಿಯಿತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಕಾನೂನು. ಸೆಸ್ ಸಮಿತಿಯ ಜಾಗಕ್ಕೆ ಮಂಡಳಿ ಬಂತು. ಅದೇ ಇಂದಿನ ಕಾಫಿ ಬೋರ್ಡು, ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿರುವುದು.

ಕಾನೂನಿನ ಹೆಸರಿನಲ್ಲಿ ‘ಮಾರುಕಟ್ಟೆ ವಿಸ್ತರಣೆ’ ಇದ್ದರೂ ಅದರ ಹೊಟ್ಟೆಯಲ್ಲಿದ್ದದ್ದು ಬೇರೆ. ಬೆಳೆಗಾರ ಮನೆಬಳಕೆಗೆ, ಬೀಜಕ್ಕೆ ಇಷ್ಟು ಇಟ್ಟುಕೊಂಡು ಮಿಕ್ಕ ಅಷ್ಟೂ ಕಾಫಿಯನ್ನು ಮಂಡಳಿಯ ‘ಪೂಲಿಗೆ’ ಒಪ್ಪಿಸಬೇಕು. 25ನೇ ಕಲಮಿನ ಮಾತು ಬಹಳ ನೇರ. ಒಪ್ಪಿಸಿದ ಮೇಲೆ ಆ ಕಾಫಿಯ ಮೇಲೆ ಬೆಳೆಗಾರನಿಗೆ ಯಾವ ಹಕ್ಕೂ ಉಳಿಯುವುದಿಲ್ಲ, 34ನೇ ಕಲಮಿನಂತೆ ಪಾವತಿ ಪಡೆಯುವ ಹಕ್ಕೊಂದನ್ನು ಬಿಟ್ಟು.

ಹಣಕ್ಕೂ ಎರಡು ಪೆಟ್ಟಿಗೆ. ಒಂದು ಸಾಮಾನ್ಯ ನಿಧಿ: ರಫ್ತಿನ ಕಾಫಿಗೆ ಕಸ್ಟಮ್ಸ್, ಒಳನಾಡಿನದಕ್ಕೆ ಎಕ್ಸೈಸ್ ಎಂದು ಎತ್ತುವ ಸುಂಕ ಮೊದಲು ಕೇಂದ್ರದ ಖಜಾನೆಗೆ ಹೋಗಿ, ಸಂಸತ್ತು ಒಪ್ಪಿದ ಮೇಲೆ ಇಲ್ಲಿಗೆ ಬಂದು, ಮಂಡಳಿಯ ಖರ್ಚು, ಸಂಶೋಧನೆ, ಪ್ರಚಾರಗಳಿಗೆ ಹೋಗುತ್ತಿತ್ತು. ಇನ್ನೊಂದು ಪೂಲ್ ನಿಧಿ: ಮಂಡಳಿ ಹರಾಜಿನಲ್ಲಿ ಕಾಫಿ ಮಾರಿ ಬಂದ ಹಣ ಇಲ್ಲಿ ಜಮೆಯಾಗಿ, ಶೇಖರಣೆ, ಸಂಸ್ಕರಣೆಯ ಖರ್ಚು ಕಳೆದು ಬೆಳೆಗಾರರಿಗೆ ಹಂಚಿಕೆಯಾಗುತ್ತಿತ್ತು. ಹಂಚಿಕೆಗೆ ಪಾಯಿಂಟ್ ಲೆಕ್ಕ. ಕಾಫಿಯ ಸಿಪ್ಪೆ ಬಿಡಿಸಿ ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ದರ್ಜೆ ನೋಡಿ ಪಾಯಿಂಟು, ಪಾಯಿಂಟಿಗೆ ಇಷ್ಟು ಎಂದು ಕಂತುಕಂತಾಗಿ ಹಣ.

ಪೂಲನ್ನು ಬೈಯುವುದು ಸುಲಭ, ತೋಟದ ಮನೆಗಳಲ್ಲಿ ಅದು ಅಭ್ಯಾಸವೂ ಹೌದು. ಆದರೆ 1940ರಲ್ಲಿ ಅದು ತೋಟಗಳನ್ನು ಉಳಿಸಿತು ಎಂಬುದನ್ನು ಮರೆಯಬಾರದು. ಕೊಳ್ಳುವವರೇ ಇಲ್ಲದಾಗ ಕಟ್ಟಾಯದ ಕೊಳ್ಳುವವನೊಬ್ಬ ಸಿಕ್ಕಿದ್ದ. ತೊಂದರೆ ಇದ್ದದ್ದು ಯುದ್ಧ ಮುಗಿದ ಮೇಲೂ ಆ ಏರ್ಪಾಟು ಮುಗಿಯದೇ ಇದ್ದುದರಲ್ಲಿ. ಕೊಳ್ಳುವವರು ಮರಳಿ ಬಂದರು, ಕಟ್ಟಾಯ ಹಾಗೇ ಉಳಿಯಿತು, ಮುಂದೆ ಅರ್ಧ ಶತಮಾನ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಇದು: ಒಂದೇ ಕಚೇರಿ ಪೇಟೆಯವರಿಗೆ ‘ಕಾಫಿ ಕೊಳ್ಳಿ, ಕುಡಿಯಿರಿ’ ಎಂದು ಹೇಳುತ್ತಿತ್ತು, ತೋಟದವರಿಗೆ ‘ಕಾಫಿ ಮಾರಬೇಡಿ’ ಎಂದು ಹೇಳುತ್ತಿತ್ತು. ಪ್ರಚಾರದ ಖರ್ಚಿಗೆ ಕಾಸು ಕೊಟ್ಟವನೇ ಆ ಪ್ರಚಾರ ಕೇಳಿ ಬಂದ ಗಿರಾಕಿಗೆ ಸೇರು ಪುಡಿ ಕೊಡುವಂತಿರಲಿಲ್ಲ.

ಕಾಫಿ ಹೌಸು ಕೈ ಬದಲಾದದ್ದು

1950ರ ದಶಕದ ಮಧ್ಯದಲ್ಲಿ ಮಂಡಳಿಯ ನೀತಿ ಬದಲಾಯಿತು. ಕಾಫಿ ಹೌಸುಗಳನ್ನು ಮುಚ್ಚುವುದು ಎಂದಾಯಿತು. ಕೆಲಸಗಾರರು ಬೀದಿಗೆ ಬಿದ್ದರು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದೆ ನಿಂತು ಅವರನ್ನು ಸಹಕಾರ ಸಂಘವಾಗಿ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅದೇ ವರ್ಷ ಅಕ್ಟೋಬರ್ 27ಕ್ಕೆ ದೆಹಲಿಯಲ್ಲಿ ಸಹಕಾರಿ ಕಾಫಿ ಹೌಸು ತೆರೆಯಿತು. ಕೇರಳದಲ್ಲಿ ಇದು ಬೆಳೆದ ಪರಿ ಎಲ್ಲರಿಗೂ ಗೊತ್ತು.

ಕೆಲಸಗಾರರ ಕೈಗೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ಬಾಗಿಲು ಹಾಕುವುದಕ್ಕಿಂತ ಅದು ಸಾವಿರ ಪಾಲು ಮೇಲು, ಆ ಕೆಲಸಗಾರರು ಬೆವರು ಹರಿಸಿಯೇ ಅದನ್ನು ಉಳಿಸಿಕೊಂಡರು. ಆದರೆ ಎರಡು ದಶಕ ಯಾರ ಸೆಸ್ಸಿನಲ್ಲಿ ಆ ಹೆಸರಿಗೆ ಬೆಲೆ ಬಂದಿತ್ತೋ ಅವರು ಈ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿಗಳು ಇರುತ್ತಾರೆ ನಿಜ. ನೇಮಿಸುವುದು ಕೇಂದ್ರ ಸರ್ಕಾರ. ‘ಈ ಸೆಸ್ಸು ಬೇಕೋ ಬೇಡವೋ’ ಎಂದು ಕೊಡುವವರ ಮತ ಎಣಿಸುವ ಏರ್ಪಾಟು 1942ರ ಕಾನೂನಿನಲ್ಲಿಲ್ಲ.

ಪಕ್ಕಕ್ಕಿಟ್ಟು ನೋಡಲು ಅಮೆರಿಕ ಒಳ್ಳೆಯ ಜೊತೆ. ಅಲ್ಲಿ ಇಂಥ ವಸೂಲಿಗೆ ‘ಚೆಕಾಫ್’ ಎನ್ನುತ್ತಾರೆ. 1985ರ ಕಾನೂನಿನಂತೆ ದನವೊಂದಕ್ಕೆ ಒಂದು ಡಾಲರ್ ಎತ್ತಲು ಹೊರಟರು. 1988ರಲ್ಲಿ ಸಾಕುವವರ ಮತ ತೆಗೆದುಕೊಂಡರು, ಬಹುಮತ ಸಿಕ್ಕಿತು. ಅಣಬೆಯದು ಇನ್ನೊಂದು ಕಥೆ. ಟೆನೆಸಿಯ ಒಂದು ಕಂಪನಿ ಹಣ ಕಟ್ಟುವುದಿಲ್ಲ ಎಂದು ಕೂತಿತು: ‘ನಮ್ಮ ಅಣಬೆ ಬೇರೆಯವರದಕ್ಕಿಂತ ಚೆನ್ನಾಗಿದೆ ಎಂದು ನಾವು ಹೇಳಿಕೊಳ್ಳುತ್ತಿರುವಾಗ, ಎಲ್ಲರ ಅಣಬೆಯೂ ಒಂದೇ ಎನ್ನುವ ಜಾಹೀರಾತಿಗೆ ನಾವೇಕೆ ಕಾಸು ಕೊಡಬೇಕು?’ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಆರು ಮತ್ತು ಮೂರರ ಲೆಕ್ಕದಲ್ಲಿ, ಕಂಪನಿಯ ಮಾತನ್ನು ಎತ್ತಿಹಿಡಿಯಿತು. ಒಬ್ಬನ ಬಾಯಿಂದ ಅವನಿಗೆ ಬೇಡದ ಮಾತನ್ನು ಅವನದೇ ಖರ್ಚಿನಲ್ಲಿ ಆಡಿಸಬಾರದು ಎಂಬ ವಾದ. 2005ರಲ್ಲಿ ದನದ ಡಾಲರಿನ ಮೊಕದ್ದಮೆ ಅದೇ ಕೋರ್ಟಿಗೆ ಬಂದಾಗ ತೀರ್ಪು ತಿರುಗಿತು, ಆಗಲೂ ಆರು ಮತ್ತು ಮೂರು. ಜಾಹೀರಾತು ಸಾಕುವವರ ಮಾತಲ್ಲ, ಸರ್ಕಾರದ್ದೇ ಮಾತು. ಸರ್ಕಾರದ ಮಾತಿಗೆ ತೆರಿಗೆ ಕಟ್ಟಲಾರೆ ಎನ್ನುವಂತಿಲ್ಲ ಎಂದಿತು ಕೋರ್ಟು.

ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಯೇ ಇರಲಿಲ್ಲ. ಸುಂಕ ಕೇಂದ್ರದ ಖಜಾನೆಗೆ, ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ. ಮಾತು ಯಾರದು ಎಂಬುದಕ್ಕೆ ಕಾನೂನೇ ಉತ್ತರ ಬರೆದಿಟ್ಟಿತ್ತು.

‘ಕೊಂಡಿಲ್ಲ, ಕಾನೂನಿನಂತೆ ತೆಗೆದುಕೊಂಡಿದ್ದೇವೆ’

ಬೆಳೆಗಾರನಿಗೂ ಮಂಡಳಿಗೂ ಇದ್ದ ನಂಟು ಎಂಥದು ಎಂಬ ಪ್ರಶ್ನೆ ಕೋರ್ಟಿಗೆ ಹೋದದ್ದು ಅಡ್ಡದಾರಿಯಲ್ಲಿ. ಕರ್ನಾಟಕ ಸರ್ಕಾರ ಮಂಡಳಿಯಿಂದ ಖರೀದಿ ತೆರಿಗೆ ಕೇಳಿತು: ‘ನೀವು ಬೆಳೆಗಾರರಿಂದ ಕಾಫಿ ಕೊಳ್ಳುತ್ತೀರಿ, ತೆರಿಗೆ ಕಟ್ಟಿ.’ ಮಂಡಳಿ ‘ನಾವು ಕೊಳ್ಳುತ್ತಿಲ್ಲ, ಇದು ಕಾನೂನಿನ ಬಲದಿಂದ ಕಡ್ಡಾಯವಾಗಿ ವಶಪಡಿಸಿಕೊಳ್ಳುವುದು’ ಎಂದಿತು. 1988ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಬೆಳೆಗಾರನಿಗೆ ಬೆಲೆ ಸಿಗುತ್ತದೆ, ಕಟ್ಟುಪಾಡಿನೊಳಗೂ ಮಾರಾಟದ ಲಕ್ಷಣ ಉಳಿದಿದೆ, ಆದ್ದರಿಂದ ಇದು ಖರೀದಿ, ತೆರಿಗೆ ಸಲ್ಲುತ್ತದೆ ಎಂದಿತು.

ಬೆಳೆಗಾರರ ಹಿತಕ್ಕೆಂದೇ ಕಟ್ಟಿದ ಸಂಸ್ಥೆ ತೆರಿಗೆಯಿಂದ ಪಾರಾಗಲು ‘ನಾವು ಅವರಿಂದ ಬಲವಂತವಾಗಿ ಪಡೆಯುತ್ತೇವೆ’ ಎಂದು ವಾದಿಸಬೇಕಾಗಿ ಬಂದದ್ದು ಒಂದು ವಿನೋದ. ಮಂಡಳಿಯ ವಕೀಲರ ತಪ್ಪೇನೂ ಇಲ್ಲ, ತೆರಿಗೆಯ ಹೊರೆ ತಪ್ಪಿದರೆ ಪೂಲಿಗೇ ಲಾಭ. ಆದರೂ ಆ ವಾದದ ಸಾರ ಘಟ್ಟದ ಬೆಳೆಗಾರ ಮೊದಲಿಂದ ಹೇಳುತ್ತಿದ್ದುದೇ ಆಗಿತ್ತು.

ಬಿಡುಗಡೆ, ಮತ್ತು ಅದರ ಬೆನ್ನಿಗೆ

1989ರ ಜುಲೈನಲ್ಲಿ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಕಟ್ಟಿಟ್ಟಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ರೂಪಾಯಿ ವ್ಯಾಪಾರದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅದು. ಕಟ್ಟಾಯದ ಪೂಲಿಗಿದ್ದ ಎರಡು ಊರುಗೋಲೂ ಹೋದವು. 1992ರಲ್ಲಿ ಬೆಳೆಯ ಶೇಕಡಾ 30ನ್ನು ಒಳನಾಡಿನಲ್ಲಿ ಬೆಳೆಗಾರರೇ ಮಾರಿಕೊಳ್ಳಬಹುದು ಎಂದಾಯಿತು. 1993ರಲ್ಲಿ ಶೇಕಡಾ 50ರ ಮುಕ್ತ ಮಾರಾಟ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಲೋಕದ ಬೆಲೆ ಹಾರಿದಾಗ ಬಿಡಿಸಿಕೊಂಡ ಅರ್ಧದ ಬೆಲೆ ಎಲ್ಲರಿಗೂ ಗೊತ್ತಾಯಿತು, ಬಿಡಿಸದ ಅರ್ಧದ ನೋವೂ ಗೊತ್ತಾಯಿತು. 1995ರಲ್ಲಿ ಹತ್ತು ಹೆಕ್ಟೇರಿನ ಒಳಗಿನವರಿಗೆ ಪೂರ್ತಿ ಬಿಡುಗಡೆ. ಎಣಿಕೆಯಲ್ಲಿ ಹಿಡುವಳಿಗಳ ಶೇಕಡಾ 98ಕ್ಕೂ ಹೆಚ್ಚು ಇವರೇ. 1996ರ ಸೆಪ್ಟೆಂಬರಿನಲ್ಲಿ ಉಳಿದವರಿಗೂ.

ಅದೇ 1996ರಲ್ಲಿ ಚಿಕ್ಕಮಗಳೂರು ಮೂಲದ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಮಂಡಳಿ ಕೈಬಿಟ್ಟ ಕಸುಬನ್ನು ಬೆಳೆಗಾರರಲ್ಲೊಬ್ಬರು ತಮ್ಮ ಹೆಸರಿನಲ್ಲಿ ಮತ್ತೆ ಹಿಡಿದರು ಎನ್ನಬಹುದು. ದೇಶದೊಳಗಿನ ಕಾಫಿ ಬಳಕೆ 1990ರ ದಶಕದ ಮಧ್ಯದಲ್ಲಿ ಸುಮಾರು 50 ಸಾವಿರ ಟನ್ ಇದ್ದದ್ದು 2010ರ ಹೊತ್ತಿಗೆ ಲಕ್ಷ ಟನ್ ದಾಟಿತು. ಕಟ್ಟಾಯದ ಪ್ರಚಾರಕ್ಕಿಂತ ಖಾಸಗಿ ವ್ಯಾಪಾರ ಮೇಲು ಎನ್ನುವವರು ಈ ಅಂಕಿಯನ್ನು ಮುಂದಿಡುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಹದಿನೈದು ವರ್ಷಗಳಲ್ಲಿ ಪೇಟೆಯವರ ಕೈಯಲ್ಲಿ ದುಡ್ಡು ಓಡಾಡಿತು, ಇನ್‌ಸ್ಟಂಟ್ ಪುಡಿಯ ಪೊಟ್ಟಣ ಸಣ್ಣದಾಯಿತು, ದಕ್ಷಿಣದವರು ಉತ್ತರಕ್ಕೆ ಕೆಲಸಕ್ಕೆ ಹೋದರು. ಉತ್ತರದ ಪೇಟೆಗಳಲ್ಲಿ ‘ಕಾಫಿಗೆ ಹೋಗೋಣ’ ಎಂಬ ಮಾತನ್ನು ಬಾಯಿಗೆ ತಂದದ್ದರಲ್ಲಿ ಸೆಸ್ಸಿನ ಕಾಫಿ ಹೌಸಿಗೂ ಪಾಲಿದೆ. ಎಷ್ಟು ಪಾಲು ಎಂದು ತೂಗಲು ತಕ್ಕಡಿ ಇಲ್ಲ. ಇಂಥ ಎಲ್ಲ ವಸೂಲಿಗಳ ಶಾಶ್ವತ ತೊಡಕೂ ಅದೇ. ಕೊಟ್ಟದ್ದು ಕಿಲೋ ಲೆಕ್ಕದಲ್ಲಿ, ಬಂದದ್ದು ಗಾಳಿಯಲ್ಲಿ.

ಬಿಡುಗಡೆಯ ಸಂಭ್ರಮ ಐದು ವರ್ಷ ನಡೆಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸುಮಾರು 19 ಸಾವಿರ ಟನ್ನಿನಷ್ಟಿದ್ದ ದೇಶದ ಬೆಳೆ 2000–01ರಲ್ಲಿ 3 ಲಕ್ಷ ಟನ್ ಮುಟ್ಟಿತು, ಸರಿಯಾಗಿ ಆಗಲೇ ವಿಯೆಟ್ನಾಮಿನ ರೋಬಸ್ಟಾ ಲೋಕದ ಮಾರುಕಟ್ಟೆಯನ್ನು ತುಂಬಿ ಬೆಲೆ ನೆಲಕಚ್ಚಿತು. ಕುಯ್ಲಿನ ಕೂಲಿಯೂ ಹುಟ್ಟದ ವರ್ಷಗಳವು. ಪೂಲು ತೊಲಗಲಿ ಎಂದು ಮೆರವಣಿಗೆ ಹೋದ ಊರುಗಳಲ್ಲೇ ‘ಮಂಡಳಿ ಏನಾದರೂ ಮಾಡಬೇಕು’ ಎಂಬ ಮಾತು ಕೇಳಿಬಂತು. ಇದನ್ನು ಹಿಡಿದು ಬೆಳೆಗಾರರನ್ನು ಹಂಗಿಸುವವರಿದ್ದಾರೆ. ಹಂಗಿಸುವಂಥದ್ದೇನಿಲ್ಲ: ಮಾರುವ ಸ್ವಾತಂತ್ರ್ಯ ಕೇಳುವುದು ಬೇರೆ, ಬೆಲೆ ಬಿದ್ದಾಗ ಕೈಹಿಡಿಯುವವರನ್ನು ಕೇಳುವುದು ಬೇರೆ. ಒಂದನ್ನು ಕೊಟ್ಟವರು ಇನ್ನೊಂದನ್ನು ಯೋಚಿಸಿರಲಿಲ್ಲ.

1942ರ ಕಾನೂನನ್ನು ತೆಗೆದು ಹೊಸದು ತರಲು 2022ರಲ್ಲಿ ಒಂದು ಕರಡು ಹೊರಬಂತು. ‘ಕಾಫಿ ಉತ್ತೇಜನ ಮತ್ತು ಅಭಿವೃದ್ಧಿ’ ಎಂದು ಅದರ ಹೆಸರು. 1935ರಿಂದ ಕಾನೂನುಗಳ ತಲೆಬರಹ ಹೀಗೆಯೇ ಬಂದಿದೆ: ಸೆಸ್ಸು, ವಿಸ್ತರಣೆ, ಉತ್ತೇಜನ. ಹೊಸದನ್ನು ಓದುವ ಬೆಳೆಗಾರರು ತಲೆಬರಹ ಬಿಟ್ಟು ಸುಂಕದ ಕಲಮನ್ನೂ, ಮಂಡಳಿಗೆ ಯಾರನ್ನು ಯಾರು ನೇಮಿಸುತ್ತಾರೆ ಎಂಬ ಕಲಮನ್ನೂ ಮೊದಲು ತೆರೆದರೆ ಒಳ್ಳೆಯದು.

ಈಗ ಮಡಿಕೇರಿಯ ಕಡೆಗೋ ಮೂಡಿಗೆರೆಯ ಕಡೆಗೋ ಹೋದರೆ ಹೋಂಸ್ಟೇಯ ಜಗುಲಿಯಲ್ಲಿ ಕಾಲು ಕಿಲೋದ ಪೊಟ್ಟಣಗಳನ್ನು ಜೋಡಿಸಿಟ್ಟಿರುತ್ತಾರೆ. ತಮ್ಮದೇ ತೋಟದ ಹಣ್ಣು, ತಮ್ಮದೇ ಕಣದಲ್ಲಿ ಒಣಗಿಸಿ, ಹುರಿದು, ಪುಡಿ ಮಾಡಿ, ಮೇಲೆ ತೋಟದ ಹೆಸರು ಅಚ್ಚು ಹಾಕಿದ ಚೀಟಿ. ಬಂದವರಿಗೆ ಒಂದು ಲೋಟ ಕಾಫಿ ಮೊದಲು ಪುಕ್ಕಟೆ. ಹಿಡಿಸಿದರೆ ಪೊಟ್ಟಣ ಕೊಳ್ಳುತ್ತಾರೆ. ಚರ್ಚ್‌ಗೇಟಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. 1985ರಲ್ಲಿ ಅದೇ ಜಗುಲಿಯಲ್ಲಿ ಅದೇ ಪೊಟ್ಟಣ ಮಾರಿದ್ದರೆ ಅಪರಾಧವಾಗುತ್ತಿತ್ತು.